ಮೀನಿನ ತೊಟ್ಟಿಯ ಸ್ವಿಚ್ಚಿಗೆ ಕಾಡಿಗೆ

ನಿಮ್ಮನ್ನೊಂದು ಕೇಳಲೇ? ನೀವು ಈಗ ಕೂತಿರುವ ಕಡೆ ಬೆಳಕು ಸಾಕಷ್ಟಿದೆ ಎಂದು ನಿಮಗೆ ಹೇಳಿದವರು ಯಾರು? ನಿಮ್ಮ ಕಣ್ಣು ತಾನೆ? ಅದರ ಮಾತನ್ನು ಅಷ್ಟು ಸಲೀಸಾಗಿ ಹೇಗೆ ನಂಬಿಬಿಟ್ಟಿರಿ?

ನಾನು ನಂಬುವುದಿಲ್ಲ. ಕಣ್ಣಿನಂಥ ಓಲೈಸುವ ಅಂಗ ಇನ್ನೊಂದಿಲ್ಲ. ಕರೆಂಟು ಹೋದಾಗ ಒಂದು ಮೇಣದಬತ್ತಿ ಹಚ್ಚಿ, ಸ್ವಲ್ಪ ಹೊತ್ತು ಕೂತರೆ ಸಾಕು, ಇಷ್ಟೇ ಬೆಳಕಿನಲ್ಲಿ ಹಬ್ಬದ ಅಡುಗೆ ಮಾಡಬಹುದು ಎನ್ನುತ್ತದೆ. ಬಿಸಿಲಿನಿಂದ ಮನೆಯೊಳಗೆ ಬಂದರೆ, ಮೂರು ಟ್ಯೂಬ್‌ಲೈಟು ಉರಿಯುತ್ತಿದ್ದರೂ ಕತ್ತಲೆ ಎನ್ನುತ್ತದೆ. ಕೇಳಿದವರಿಗೆ ತಕ್ಕ ಉತ್ತರ. ಈ ಬುದ್ಧಿ ನನಗೆ ಬಂದದ್ದು ಒಂದು ಮೀನಿನ ತೊಟ್ಟಿಯಿಂದ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಕಲಿಸಿಕೊಟ್ಟಿದ್ದಾಳೆ, ಆದ್ದರಿಂದ ಬರೆಯುತ್ತಿದ್ದೇನೆ. ಫೋನು ನಾನು ಹೇಳದ ಪದಗಳನ್ನು ತಾನೇ ಮುಂದಿಡುತ್ತದೆ. ಅದರ ಮೇಲೂ ಒಂದು ಕಣ್ಣಿಟ್ಟಿದ್ದೇನೆ.

ತ್ಯಾಗರಾಜನಗರದ ನಮ್ಮ ಬಾಡಿಗೆ ಮನೆಗೆ ಹಿತ್ತಲಿತ್ತು. ಕರಿಬೇವು, ದಾಸವಾಳ, ದೊಡ್ಡಪತ್ರೆ, ಏನು ಚುಚ್ಚಿದರೂ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಬಿಟಿಎಂ ಲೇಔಟಿನ ಮೂವತ್ತು-ನಲವತ್ತು ಸೈಟಿನಲ್ಲಿ ಸ್ವಂತ ಮನೆ ಕಟ್ಟಿದೆವು. ಕೆಳಗೆ ನಾವು, ಮೇಲೆ ಬಾಡಿಗೆಗೆ. ಮೇಸ್ತ್ರಿ ಕಾಂಪೌಂಡಿನವರೆಗೂ ಸಿಮೆಂಟು ಬಳಿದು, "ಇನ್ಮೇಲೆ ಕಸ ಗುಡಿಸೋ ಕಷ್ಟ ಇಲ್ಲಮ್ಮ" ಎಂದು ನನಗೆ ಉಪಕಾರ ಮಾಡಿದವನಂತೆ ನಕ್ಕ. ತುಳಸಿ ಕಟ್ಟೆ ಬಿಟ್ಟರೆ ಒಂದು ಹಿಡಿ ಮಣ್ಣಿಲ್ಲ.

ಆಗ ನನ್ನ ಕೈಗೆ ಸಿಕ್ಕಿದ್ದು ಆ ತೊಟ್ಟಿ. ಮದುವೆಯಾಗಿ ಗಿರಿನಗರಕ್ಕೆ ಹೋದ ಮಗಳು ಬಿಟ್ಟುಹೋದದ್ದು. ಎರಡಡಿ ಉದ್ದದ ಗಾಜಿನ ಪೆಟ್ಟಿಗೆ, ಮೇಲೆ ಗಾಜಿನ ಮುಚ್ಚಳ, ಅದರ ಮೇಲೆ ಒಂದು ಟ್ಯೂಬ್‌ಲೈಟು. ಒಳಗಿದ್ದ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ ಎಲ್ಲ ತೆಗೆದು ಬಿಸಾಕಿದೆ. ಮರಳು ತೊಳೆದು ಹಾಕಿ, ಜಯನಗರದ ಮೀನಿನಂಗಡಿಯಿಂದ ನಿಜವಾದ ಗಿಡ ತಂದು ನೆಟ್ಟೆ. ರಿಬ್ಬನ್ನಿನಂತೆ ಉದ್ದಕ್ಕೆ ಬೆಳೆಯುವ ಹುಲ್ಲೊಂದು, ಕೆರೆಗಳಲ್ಲಿ ಸಿಗುವ ಜೊಂಡಿನ ಜಾತಿಯದೊಂದು, ಕೆಂಪೆಲೆಯದೊಂದು. ಮೀನು ನಾಲ್ಕೋ ಐದೋ ಇದ್ದವು, ಅವು ನೆಪಕ್ಕೆ. ನೀರಿನೊಳಗೆ ನನಗೆ ಮತ್ತೆ ಹಿತ್ತಲು ಸಿಕ್ಕಿತ್ತು.

ಹಿತ್ತಲಿನಲ್ಲಿ ಬೆಳಕಿನ ಚಿಂತೆ ಸೂರ್ಯನದು. ಇಲ್ಲಿ ನನ್ನದು. ಕಡಿಮೆಯಾದರೆ ಗಿಡ ಸಾಯುತ್ತದೆ, ಜಾಸ್ತಿಯಾದರೆ ಪಾಚಿ ಬಂದು ನೀರೆಲ್ಲ ಹಸಿರಾಗುತ್ತದೆ. ಎಷ್ಟು ಸರಿ ಎಂದು ಅಂಗಡಿಯವನನ್ನು ಕೇಳಿದೆ.

"ಮೇಡಂ, ಎರಡು ಟ್ಯೂಬ್ ಹಾಕ್ಬಿಡಿ. ಸಖತ್ತಾಗಿ ಬರುತ್ತೆ."

"ಒಂದರಲ್ಲಿ ಬರಲ್ವಾ?"

"ಬರುತ್ತೆ. ಎರಡರಲ್ಲಿ ಇನ್ನೂ ಚೆನ್ನಾಗಿ ಬರುತ್ತೆ."

"ಮೂರು ಹಾಕಿದ್ರೆ?"

"ಅದಂತೂ ಸೂಪರ್ ಮೇಡಂ."

ಅಂಗಡಿಯಲ್ಲಿ ಟ್ಯೂಬುಗಳು ರಾಶಿ ಬಿದ್ದಿದ್ದವು. ಇವನ ಲೆಕ್ಕ ಗಿಡದ್ದಲ್ಲ, ರಾಶಿಯದು ಎಂದುಕೊಂಡು ಮನೆಗೆ ಬಂದೆ.

ಕೊನೆಗೆ ಗಿಡವನ್ನೇ ಕೇಳುವುದನ್ನು ಕಲಿತೆ. ಮದುವೆ ಮನೆಯಲ್ಲಿ ಅಂಕುರಾರ್ಪಣೆಗೆ ನವಧಾನ್ಯ ಬಿತ್ತಿ ದೇವರ ಮೂಲೆಯಲ್ಲಿ ಇಟ್ಟಿರುತ್ತಾರಲ್ಲ, ಆ ಪೈರನ್ನು ನೋಡಿದ್ದೀರಾ? ಬೆಳಕಿಲ್ಲದೆ ತೆಳ್ಳಗೆ, ಉದ್ದಕ್ಕೆ, ಹಳದಿಯಾಗಿ ಬಂದು ಬಗ್ಗಿರುತ್ತದೆ. ನೀರಿನೊಳಗೂ ಅದೇ ಕತೆ. ಬೆಳಕು ಸಾಲದಿದ್ದರೆ ಜೊಂಡಿನ ಗೆಣ್ಣು ಗೆಣ್ಣಿನ ನಡುವೆ ಅಂತರ ಹೆಚ್ಚುತ್ತದೆ, ಬೆಳಕು ಎಲ್ಲಿದೆ ಎಂದು ಕತ್ತು ಚಾಚಿ ಹುಡುಕುವ ಹಾಗೆ. ಕೆಂಪೆಲೆ ತನ್ನ ಕೆಂಪು ಬಿಟ್ಟು ಹಸಿರಾಗುತ್ತದೆ. ಬೆಳಕು ಸರಿಯಾಗಿದ್ದರೆ ಸಂಜೆ ಹೊತ್ತಿಗೆ ಎಲೆಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕೂತು, ಒಂದೊಂದಾಗಿ ಮೇಲಕ್ಕೆ ಹೋಗುತ್ತವೆ. ಜಾಸ್ತಿಯಾದರೆ ಮೊದಲು ಗಾಜು ಜಾರತೊಡಗುತ್ತದೆ. ಬೆರಳಿನಿಂದ ಒಳಗಡೆ ಸವರಿದರೆ ಗೊತ್ತಾಗುತ್ತದೆ, ಕಣ್ಣಿಗೆ ಇನ್ನೂ ಕಾಣಿಸಿರುವುದಿಲ್ಲ.

ಹೀಗೆ ನೋಡಿ ನೋಡಿ, ಸಂಜೆ ನಾಲ್ಕಕ್ಕೆ ಹಾಕುವುದು, ಊಟದ ಹೊತ್ತಿಗೆ ಆರಿಸುವುದು ಎಂದು ಗೊತ್ತು ಮಾಡಿಕೊಂಡೆ. ಒಂದು ವರ್ಷ ತೊಟ್ಟಿ ನನ್ನ ಮಾತು ಕೇಳಿತು.

ಆಮೇಲೆ ಹಸಿರಾಯಿತು. ಒಂದು ವಾರದಲ್ಲಿ ಮೀನು ಎಲ್ಲಿದೆ ಎಂದು ಹುಡುಕುವಂಥ ಹಸಿರು. ನೀರೆಲ್ಲ ತೆಗೆದು ಗಾಜು ತಿಕ್ಕಿ ಮತ್ತೆ ತುಂಬಬೇಕು. ಬಕೆಟ್ ಹೊರುವವರು ನಮ್ಮ ಯಜಮಾನರು. ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಯಂತ್ರದ ಬಿಡಿಭಾಗಗಳನ್ನು ಬೆಳಕಿಗೆ ಹಿಡಿದು, ಕೂದಲೆಳೆಯಷ್ಟು ಗೀರಿದ್ದರೂ ಪಕ್ಕಕ್ಕೆ ಎಸೆಯುತ್ತಿದ್ದವರು. ಅವರಿಗೆ ಕಣ್ಣಿನ ಬಗ್ಗೆ ಇದ್ದ ಜಂಬ ಬೇರೆ ಯಾವುದರ ಬಗ್ಗೆಯೂ ಇರಲಿಲ್ಲ. ಬೆನ್ನಿನ ಬಗ್ಗೆ ಮಾತ್ರ ಗೊಣಗಾಟ.

ಎರಡನೇ ಸಲ ಹಸಿರಾದಾಗ ಬಕೆಟ್ ಕೆಳಗಿಟ್ಟು ಸೊಂಟ ಹಿಡಿದುಕೊಂಡು ಹೇಳಿದರು: "ನೋಡೇ, ಇದೇ ಕೊನೆ. ಇನ್ನೊಂದ್ಸಲ ಹಸಿರಾದ್ರೆ ಈ ತೊಟ್ಟಿ ಮೇಲಿನ ಮನೆಗೆ ಹೋಗುತ್ತೆ. ಆ ಹುಡುಗಿಗೆ ಮೀನಂದ್ರೆ ಇಷ್ಟ, ಮಗುನೂ ಇದೆ."

"ನನ್ನ ತೊಟ್ಟಿ ಕೊಡೋಕೆ ನೀವ್ಯಾರ್ರೀ?"

"ನೀರು ಹೊರೋನು."

ನಾನೇ ಹೊರೋಣವೆಂದರೆ ನನ್ನ ಬೆನ್ನು ಅವರದಕ್ಕಿಂತ ಮೊದಲೇ ಕೈಕೊಟ್ಟಿತ್ತು. ಆವತ್ತಿನಿಂದ ನನ್ನ ಹಿತ್ತಲು ತೂಗುಗತ್ತಿಯ ಕೆಳಗೆ ಬಂತು, ನಾನು ಪತ್ತೇದಾರಿಕೆಗೆ ಇಳಿದೆ.

ಮೊದಲ ಅನುಮಾನ ಸೂರ್ಯನ ಮೇಲೆ. ದಸರಾ ಕಳೆದ ಮೇಲೆ ಅವನು ದಕ್ಷಿಣಕ್ಕೆ ವಾಲುತ್ತಾನೆ, ನಮ್ಮ ಹಾಲಿನ ಕಿಟಕಿಯಿಂದ ಮಧ್ಯಾಹ್ನ ಒಳಗೆ ನುಸುಳುತ್ತಾನೆ. ದಪ್ಪ ಪರದೆ ಹೊಲಿಸಿ ಹಾಕಿದೆ. ಆದರೂ ಗಾಜಿನ ಒಳಗಡೆ ಬೆರಳು ಜಾರತೊಡಗಿತು.

ಎರಡನೇ ಅನುಮಾನ ಅಂಗಡಿಯವನ ಟ್ಯೂಬಿನ ಮೇಲೆ, ಮೂರನೆಯದು ಬೋರ್‌ವೆಲ್ ನೀರಿನ ಮೇಲೆ. ನಾಲ್ಕನೆಯದು ಮೇಲಿನ ಮನೆಯವಳ ಮೇಲೆ, ಅಲ್ಲಿ ಅನುಮಾನ ಗಟ್ಟಿಯಾಗಿ ಕೂತುಕೊಂಡಿತು.

ಅವಳು ಧಾರವಾಡದ ಕಡೆಯವಳು. ಗಂಡನಿಗೆ ಆಫೀಸಿನ ಕೆಲಸ. ಅವರ ಮನೆಗೆ ಫೋನ್ ಇರಲಿಲ್ಲ. ಊರಿಂದ ಅವಳ ತಾಯಿ ನಮ್ಮ ಫೋನಿಗೆ ಮಾಡುತ್ತಿದ್ದರು. ನಾನು ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದೆ, ಅವಳು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಇಳಿದು ಬರುತ್ತಿದ್ದಳು. ಫೋನ್ ಇದ್ದದ್ದು ತೊಟ್ಟಿಯ ಪಕ್ಕದಲ್ಲೇ. ತೊಟ್ಟಿಯ ಸ್ವಿಚ್ಚು ಫೋನಿನ ಮೇಲೆಯೇ. ಅವಳು ಮಾತಾಡುತ್ತಾ ಕಣ್ಣು ತೊಟ್ಟಿಯ ಮೇಲಿಟ್ಟಿರುತ್ತಿದ್ದಳು.

"ಅಕ್ಕಾರ, ನಿಮ್ಮ ಗಿಡ ಭಾಳ ಛಂದ ಅದಾವ್ರಿ. ದಿಟ್ಟಿ ಆದೀತು, ಒಂದು ಮೆಣಸಿನಕಾಯಿ ಕಟ್ರಿ."

ದೃಷ್ಟಿ ಹಾಕುವವರೇ ಮೊದಲು ದೃಷ್ಟಿಯ ಮಾತು ತೆಗೆಯುತ್ತಾರೆ ಎಂದು ನಮ್ಮಮ್ಮ ಹೇಳುತ್ತಿದ್ದರು. ತೊಟ್ಟಿ ಹಸಿರಾದರೆ ಯಾರಿಗೆ ಲಾಭ? ಅವಳಿಗೆ. ಸ್ವಿಚ್ಚಿನ ಪಕ್ಕ ನಿಲ್ಲುವವರು ಯಾರು? ಅವಳು. ಮಂಗಳವಾರ, ಶುಕ್ರವಾರ ಮಧ್ಯಾಹ್ನ ನಾನು ಭಜನೆಗೆ ಜಯನಗರಕ್ಕೆ ಹೋಗುತ್ತಿದ್ದೆ. ಒಂದು ಶುಕ್ರವಾರ ಬೇಗ ಮುಗಿಯಿತು. ಮನೆಗೆ ಬಂದವಳೇ ಸೀರೆ ಬದಲಿಸದೆ ತೊಟ್ಟಿಯ ಹತ್ತಿರ ಹೋಗಿ ಟ್ಯೂಬಿನ ಮೇಲಿನ ತಗಡಿಗೆ ಕೈ ಇಟ್ಟೆ. ಬೆಚ್ಚಗಿತ್ತು. ಆರಿದ್ದ ಟ್ಯೂಬಿನ ತಗಡು ಯಾಕೆ ಬೆಚ್ಚಗಿರಬೇಕು?

"ಯಾರಾದ್ರೂ ಬಂದಿದ್ರಾ?" ಎಂದು ಯಜಮಾನರನ್ನು ಕೇಳಿದೆ.

"ಮೇಲಿನ ಹುಡುಗಿ ಬಂದಿದ್ಲು. ಫೋನ್ ಬಂದಿತ್ತು."

"ಎಷ್ಟೊತ್ತು ಇದ್ಲು?"

"ನಾನೇನು ವಾಚ್ ಹಿಡ್ಕೊಂಡು ಕೂತಿದ್ನಾ?"

ಅವರು ಮೊರ ತೊಡೆಯ ಮೇಲಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ನಿವೃತ್ತರಾದ ಮೇಲೆ ಆ ಕೆಲಸವನ್ನು ತಾವೇ ಕೇಳಿ ತೆಗೆದುಕೊಂಡಿದ್ದರು, ಕಾರ್ಖಾನೆಯ ಬಿಡಿಭಾಗಗಳ ಜಾಗಕ್ಕೆ ಅಕ್ಕಿ ಬಂದಿತ್ತು. ತೊಟ್ಟಿಯ ಪಕ್ಕದ ಬೆತ್ತದ ಕುರ್ಚಿಯೇ ಅವರ ಕಚೇರಿ. ಈಚೆಗೆ ಊಟದಲ್ಲಿ ಹಲ್ಲಿಗೆ ಕಲ್ಲು ಸಿಗತೊಡಗಿತ್ತು. ಅದಕ್ಕೂ ನಾನು ದಿನಸಿ ಅಂಗಡಿಯವನನ್ನು ಹಿಡಿದು ನಿಲ್ಲಿಸಿದ್ದೆ.

"ಏನಪ್ಪಾ, ಅಕ್ಕಿಗೆ ಕಲ್ಲು ಬೆರೆಸ್ತೀಯೋ, ಕಲ್ಲಿಗೆ ಅಕ್ಕಿ ಬೆರೆಸ್ತೀಯೋ?"

"ಆಂಟಿ, ಇಡೀ ರೋಡಿಗೆ ಇದೇ ಮೂಟೆ. ಬೇರೆ ಯಾರೂ ಹೇಳಿಲ್ಲ. ನೀವು ಆರಿಸಲ್ವಾ ಮನೇಲಿ?"

"ನಮ್ಮನೇಲಿ ಆರಿಸೋರು ಇನ್‌ಸ್ಪೆಕ್ಟರು ಕಣಪ್ಪ."

ಅವನ ಮೇಲಿನ ಅನುಮಾನವೂ ಹಾಗೇ ಉಳಿಯಿತು. ಆ ತಿಂಗಳಲ್ಲಿ ನನ್ನ ಅನುಮಾನದಿಂದ ಪಾರಾದವರು ದೇವರ ಮನೆಯಲ್ಲಿರುವವರು ಮಾತ್ರ.

ಮುಂದಿನ ಮಂಗಳವಾರ ಭಜನೆಗೆ ಹೊರಡುವ ಮುಂಚೆ ಒಂದು ಉಪಾಯ ಮಾಡಿದೆ. ನಮ್ಮ ಮನೆಯ ಸ್ವಿಚ್ಚುಗಳು ಹಳೆಯ ಕಾಲದವು, ಕಪ್ಪು ಗುಬಟಿನವು. ಕುಂಕುಮ ಹಚ್ಚಿದರೆ ಕಾಣುತ್ತದೆ, ಅಲ್ಲದೆ ಹೆಂಗಸರ ಬೆರಳಲ್ಲಿ ಕುಂಕುಮ ಇದ್ದರೆ ಯಾರು ಕೇಳುತ್ತಾರೆ? ಮಗಳ ಬಾಣಂತನಕ್ಕೆ ಮಾಡಿಟ್ಟಿದ್ದ ಕಾಡಿಗೆಯ ಡಬ್ಬಿ ತೆಗೆದು, ತೊಟ್ಟಿಯ ಸ್ವಿಚ್ಚಿಗೆ ತೆಳ್ಳಗೆ ಸವರಿದೆ. ಹರಳೆಣ್ಣೆ ದೀಪದಲ್ಲಿ ಹಿಡಿದ ಕಾಡಿಗೆ. ಸೋಪು ಹಾಕಿ ತಿಕ್ಕಿದರೂ ಒಂದು ದಿನ ಉಗುರಿನ ಸಂದಿಯಲ್ಲಿ ಇರುತ್ತದೆ. ಚಪ್ಪಲಿ ಮೆಟ್ಟಿ ಹೊರಟೆ. ಆವತ್ತು ಯಾವ ಭಜನೆ ಹೇಳಿದೆನೋ, ಯಾವ ತಾಳ ಹಾಕಿದೆನೋ ನನಗೆ ಗೊತ್ತಿಲ್ಲ. ಪಕ್ಕದವರು ಎರಡು ಸಲ ನನ್ನ ಮೊಣಕೈ ತಿವಿದರು.

ಹಿಂದಿರುಗಿದಾಗ ಮೇಲಿನವಳು ಗೇಟಿನಲ್ಲೇ ಸಿಕ್ಕಳು, ಮಗುವಿಗೆ ಕಾಗೆ ತೋರಿಸುತ್ತಿದ್ದಳು.

"ಎಲ್ಲಿ, ಕೈ ತೋರ್ಸು ನೋಡೋಣ," ಎಂದೆ.

"ಯಾಕ್ರಿ ಅಕ್ಕಾರ? ಕೈ ನೋಡಿ ಭವಿಷ್ಯ ಹೇಳ್ತೀರೇನು?" ಎಂದು ಎರಡೂ ಅಂಗೈ ಚಾಚಿದಳು. ಹಿಟ್ಟು ಕಲಸಿ ತೊಳೆದ ಕೈ. ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು. ಕಪ್ಪಿನ ಸುಳಿವಿಲ್ಲ.

"ಧನರೇಖೆ ಚೆನ್ನಾಗಿದೆ," ಎಂದು ಏನೋ ಹೇಳಿ ಒಳಗೆ ಬಂದೆ.

ಯಜಮಾನರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಕಿಟಕಿಯ ಪರದೆ ಪಕ್ಕಕ್ಕೆ ಸರಿದಿತ್ತು. ತೊಟ್ಟಿಯ ಟ್ಯೂಬು ಉರಿಯುತ್ತಿತ್ತು. ಅವರ ತೋರುಬೆರಳು ಕಪ್ಪಗಿತ್ತು. ಬೆರಳಷ್ಟೇ ಆಗಿದ್ದರೆ ನಗುತ್ತಿದ್ದೆನೋ ಏನೋ. ಎಡಗಣ್ಣಿನ ಸುತ್ತ, ರೆಪ್ಪೆಯ ಮೇಲೆ, ಮೂಗಿನ ಪಕ್ಕ, ಬಲಗಣ್ಣಿನ ತುದಿಯಲ್ಲಿ, ಎಲ್ಲ ಕಡೆ ಕಾಡಿಗೆ. ನಾಟಕದಲ್ಲಿ ವೇಷ ಅರ್ಧಕ್ಕೆ ಬಿಟ್ಟು ಎದ್ದು ಬಂದವರ ಹಾಗೆ.

"ನೀವೇನಾ?" ಎಂದೆ. "ತೊಟ್ಟಿ ಹಸಿರು ಮಾಡ್ತಿದ್ದಿದ್ದು ನೀವೇನಾ?"

"ಏನು ಹಸಿರು ಮಾಡಿದ್ದು? ಬೆಳಕು ಹಾಕ್ದೆ, ಅಷ್ಟೇ."

"ಯಾವತ್ತಿಂದ?"

"ಎರಡು ತಿಂಗಳಿರಬಹುದು. ನೀನು ಸಂಜೆ ಹಾಕೋದು ಏನಕ್ಕೂ ಸಾಲಲ್ಲ. ಹೊಗೆ ಒಳಗೆ ಗಿಡ ಇಟ್ಟಂಗಿದೆ. ಮೀನು ಇದೆಯೋ ಇಲ್ವೋ ಅಂತ ಹುಡುಕ್ಬೇಕು. ಸತ್ತೋಗ್ತವೆ ಅಂತ ನೀನಿಲ್ದಾಗ ಸ್ವಲ್ಪ ಹೊತ್ತು ಹಾಕ್ತಿದ್ದೆ."

ನಾನು ಒಂದು ಮಾತೂ ನಂಬಲಿಲ್ಲ. ಬಕೆಟ್ ಹೊರುವುದನ್ನು ತಪ್ಪಿಸಿಕೊಳ್ಳಲು ಬೇಕೆಂದೇ ಪಾಚಿ ಬೆಳೆಸಿ, ತೊಟ್ಟಿಯನ್ನು ಮೆಟ್ಟಿಲು ಹತ್ತಿಸುವ ಹುನ್ನಾರ ಎಂದೇ ಎಣಿಸಿದೆ. ಆ ದಿನ ಕಾಫಿಗೆ ಸಕ್ಕರೆ ಹಾಕದೆ ಕೊಟ್ಟೆ. ಸಕ್ಕರೆ ಇಲ್ಲವೆಂದು ಅವರೂ ಹೇಳಲಿಲ್ಲ. ತಪ್ಪು ಮಾಡಿದವರು ಸುಮ್ಮನೆ ಕುಡಿಯುತ್ತಾರೆ, ಸರಿ. ಆದರೆ ಅಷ್ಟು ಹೊತ್ತು ಮುಖಕ್ಕೆ ಮಸಿ ಬಳಿದುಕೊಂಡು ಕೂತಿದ್ದಾರಲ್ಲ, ಬೆರಳಿಗೆ ಕಪ್ಪು ಅಂಟಿದ್ದು ಅವರಿಗೆ ಯಾಕೆ ಕಾಣಲಿಲ್ಲ? ಕೂದಲೆಳೆಯ ಗೀರು ಕಂಡುಹಿಡಿಯುತ್ತಿದ್ದವರಿಗೆ?

ಮಾರನೆಯ ಬೆಳಿಗ್ಗೆ ಮೊರಕ್ಕೆ ಅಕ್ಕಿ ಹಾಕಿದೆ. ಸಿಪ್ಪೆ ಇರುವ ಕರಿಯ ಉದ್ದಿನ ಕಾಳು ಒಂದು ಚಿಟಿಕೆ ತೆಗೆದು ಅದರಲ್ಲಿ ಬೆರೆಸಿದೆ. ಬೆಳ್ಳಗಿನ ಅಕ್ಕಿಯಲ್ಲಿ ಕರಿಯ ಕಾಳು, ಮಗುವೂ ಹೆಕ್ಕಬೇಕು. ಅವರ ತೊಡೆಯ ಮೇಲಿಟ್ಟು, ಸೊಪ್ಪು ಬಿಡಿಸುವ ನೆಪದಲ್ಲಿ ಎದುರಿಗೆ ಕೂತೆ.

ಅವರು ಮೊರವನ್ನು ಕಿಟಕಿಯ ಕಡೆ ವಾಲಿಸಿದರು. ತೊಟ್ಟಿಯ ಕಡೆ ವಾಲಿಸಿದರು. ಕಣ್ಣುಜ್ಜಿಕೊಂಡರು. ಆಮೇಲೆ ನೋಡುವುದನ್ನೇ ಬಿಟ್ಟು ಬೆರಳಿನಿಂದ ಅಕ್ಕಿಯನ್ನು ಸವರುತ್ತಾ ಹೋದರು. ಒರಟಾಗಿ ಸಿಕ್ಕಿದ ಒಂದೆರಡು ಕಲ್ಲನ್ನು ತೆಗೆದಿಟ್ಟರು. ಉದ್ದು ಅಕ್ಕಿಯಷ್ಟೇ ನುಣುಪು.

"ತಗೋ, ಆಯ್ತು. ಈ ಸಲ ಅಕ್ಕಿ ಕ್ಲೀನಾಗಿದೆ," ಎಂದು ಮೊರ ಚಾಚಿದರು.

ಮೊರದ ತುಂಬ ಕರಿಯ ಚುಕ್ಕೆ. ನಾನು ಅದನ್ನು ತೆಗೆದುಕೊಳ್ಳಲಿಲ್ಲ. ಎದ್ದು ತೊಟ್ಟಿಯ ಟ್ಯೂಬು ಹಾಕಿ, ಅವರ ಗಲ್ಲ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿದೆ. ನಮ್ಮ ಬೋರ್‌ವೆಲ್ ನೀರು ತೊಟ್ಟಿಯ ಮುಚ್ಚಳದ ಗಾಜಿನ ಮೇಲೆ ಒಣಗಿ ಒಂದು ಬಿಳಿ ಪದರ ಬಿಡುತ್ತದೆ. ಅದನ್ನು ಹುಣಸೆಹಣ್ಣಿನಿಂದ ತಿಕ್ಕದಿದ್ದರೆ ಟ್ಯೂಬು ಉರಿಯುತ್ತಲೇ ಇರುತ್ತದೆ, ಗಿಡಕ್ಕೆ ಬೆಳಕು ಮುಟ್ಟುವುದಿಲ್ಲ. ಅಂಥದೇ ಬಿಳಿ, ಎಡಗಣ್ಣಿನ ಪಾಪೆಯಲ್ಲಿ ಮೋಡದಂತೆ ಕೂತಿತ್ತು. ಬಲಗಣ್ಣಿನಲ್ಲಿ ಈಗಷ್ಟೇ ಶುರುವಾಗಿತ್ತು.

"ಯಾವತ್ತಿಂದ ರೀ?"

ಅವರು ಮುಖ ಬಿಡಿಸಿಕೊಂಡರು. "ಏನೂ ಆಗಿಲ್ಲ. ಬೆಳಕು ಕಮ್ಮಿ."

"ಪಾಚಿ ಬರೋಷ್ಟು ಬೆಳಕಿದೆ. ಗಿಡ ಸುಳ್ಳು ಹೇಳಲ್ಲ."

"ಹಾಗಾದ್ರೆ ನಾನು ಹೇಳ್ತೀನಾ?"

"ಕಣ್ಣಾಸ್ಪತ್ರೆಗೆ ಹೋಗೋಣ."

"ಮೂವತ್ತು ವರ್ಷ ಈ ಕಣ್ಣಿಂದ ಅನ್ನ ತಿಂದಿದೀನಿ ಕಣೆ. ಇನ್ನೊಬ್ಬನ ಮುಂದೆ ಕೂತು ಬೋರ್ಡ್ ಮೇಲಿನ ಅಕ್ಷರ ಓದು ಅಂದ್ರೆ ಓದಲ್ಲ."

ವಾರವೆಲ್ಲ ಇದೇ. ಬೈದೆ, ಬೇಡಿಕೊಂಡೆ, ಮಗಳಿಂದ ಫೋನ್ ಮಾಡಿಸಿದೆ. ಅವರು ಬೆತ್ತದ ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ. ಅಷ್ಟರಲ್ಲಿ ತೊಟ್ಟಿ ಮೂರನೇ ಸಲ ಹಸಿರಾಗುತ್ತಿತ್ತು. ಗಾಜಿನ ಅಂಚಿನಿಂದ ಶುರುವಾಗಿ ಕೆಂಪೆಲೆಯ ಮೇಲೆಲ್ಲ ನೂಲಿನಂಥ ಪಾಚಿ ಹಬ್ಬಿತ್ತು. ಅವರ ಷರತ್ತಿನ ಪ್ರಕಾರ ನಾನು ಸೋತಿದ್ದೆ. ಅವರಿಗೆ ಅದು ಕಂಡಿರಲಿಲ್ಲ, ನಾನು ಹೇಳದಿದ್ದರೆ ಗೊತ್ತೂ ಆಗುತ್ತಿರಲಿಲ್ಲ. ಎರಡು ದಿನ ಹೇಳಲಿಲ್ಲ. ಮೂರನೇ ದಿನ ಹೋಗಿ ಎದುರಿಗೆ ನಿಂತೆ.

"ತೊಟ್ಟಿ ಮತ್ತೆ ಹಸಿರಾಗಿದೆ. ಮಾತಂದ್ರೆ ಮಾತು. ಮೇಲಿನ ಮನೆಗೆ ಕೊಟ್ಬಿಡ್ತೀನಿ, ಇವತ್ತೇ. ನೀವು ಇನ್ನು ಒಂದು ಬಕೆಟ್ಟೂ ಹೊರೋದು ಬೇಡ. ಆದ್ರೆ ನನ್ನ ಜೊತೆ ಆಸ್ಪತ್ರೆಗೆ ಬರ್ಬೇಕು."

ಅವರು ತೊಟ್ಟಿಯ ಕಡೆ ತಿರುಗಿದರು. ಏನು ಕಾಣುತ್ತಿತ್ತೋ.

"ತೊಟ್ಟಿ ಕೊಟ್ಟು ನೀನೇನು ಮಾಡ್ತೀಯ?" ಎಂದರು.

"ನಿಮ್ಮನ್ನ ನೋಡ್ಕೊಂಡು ಕೂತಿರ್ತೀನಿ."

"ಅದಕ್ಕಿಂತ ಆಪರೇಷನ್ನೇ ವಾಸಿ," ಎಂದು ಚಪ್ಪಲಿ ಹುಡುಕಿದರು.

ಮೇಲಿನವಳಿಗೆ ಅಂದೇ ಹೇಳಿಬಿಟ್ಟೆ, ತಡ ಮಾಡಿದರೆ ನನ್ನ ಮನಸ್ಸು ಬದಲಾದೀತೆಂದು. ಅವಳು "ಆಯ್ತ್ರಿ" ಎಂದೂ ಅನ್ನಲಿಲ್ಲ, "ಬ್ಯಾಡ್ರಿ" ಎಂದೂ ಅನ್ನಲಿಲ್ಲ. "ಮೊದಲ ಅಪ್ಪಾವರ ಕಣ್ಣು ನೆಟ್ಟಗಾಗ್ಲಿ," ಎಂದಳು. ಇವಳು ಯಾಕೆ ಜಾರಿಕೊಳ್ಳುತ್ತಿದ್ದಾಳೆ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತೂ ಯೋಚಿಸಿದೆ.

ಎಡಗಣ್ಣಿಗೆ ಪೊರೆ ತೆಗೆದರು. ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿಸಿ ಆಟೋದಲ್ಲಿ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳನ್ನು ಗಟ್ಟಿಯಾಗಿ ಓದಿದರು. ಆಟೋದವನು ಇವರಿಗೆ ಈಗಷ್ಟೇ ಅಕ್ಷರಾಭ್ಯಾಸವಾಗಿದೆ ಎಂದುಕೊಂಡಿರಬೇಕು. ಅವರು ಆಸ್ಪತ್ರೆಯಲ್ಲಿದ್ದಾಗ ಅಳಿಯ ಬಂದು ತೊಟ್ಟಿಯ ನೀರು ಬದಲಿಸಿ ಕೊಟ್ಟುಹೋಗಿದ್ದ. ಕೊಡುವ ವಸ್ತುವನ್ನು ಗಲೀಜಾಗಿ ಕೊಡಬಾರದು ಎಂದು ನಾನೇ ಗಾಜು ತಿಕ್ಕಿ, ಕೆಟ್ಟ ಎಲೆಗಳನ್ನು ಕತ್ತರಿಸಿದ್ದೆ. ಟ್ಯೂಬು ನನ್ನ ಹಳೆಯ ಲೆಕ್ಕದ ಪ್ರಕಾರ ಸಂಜೆಗೆ ಮಾತ್ರ.

ಆ ಸಂಜೆ ಅವರು ಬೆತ್ತದ ಕುರ್ಚಿಯಲ್ಲಿ ಕೂತು ಕನ್ನಡಕ ಸ್ವಲ್ಪ ಎತ್ತಿ ನೋಡಿದರು. ಡಾಕ್ಟರು ಎತ್ತಬಾರದು ಎಂದಿದ್ದರು.

"ಇದಕ್ಕೆ ಕೆಂಪೆಲೆ ಇತ್ತಾ?" ಎಂದರು.

"ಮೊದಲಿಂದ ಇದೆ."

"ಎಲೆ ತುದೀಲಿ ಏನೋ ಹೊಳೀತಿದೆ. ಗುಳ್ಳೆ. ಒಂದೊಂದೇ ಮೇಲೆ ಹೋಗ್ತಿದೆ."

"ಬೆಳಕು ಸಾಕು ಅಂತ ಅರ್ಥ ಅದು."

ಕನ್ನಡಕ ಇಳಿಸಿ, ಬಕೆಟ್ ಎಲ್ಲಿಟ್ಟಿದ್ದೀಯ ಎಂದು ಕೇಳಿದರು. ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೀರು ಬದಲಿಸಿದರೆ ಬೆನ್ನಿಗೆ ಅಷ್ಟು ಭಾರವಾಗದು ಎಂದರು. ತೊಟ್ಟಿ ಮೇಲಿನ ಮನೆಗೆ ಎಂದು ಮಾತು ಕೊಟ್ಟಾಗಿದೆಯಲ್ಲ ಎಂದೆ. ಆಗಲೇ ತಿಕ್ಕಿದ್ದ ಗಾಜನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿದೆ.

ಅಷ್ಟರಲ್ಲಿ ಅವಳೇ ಇಳಿದು ಬಂದಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಯಜಮಾನರ ಕಣ್ಣು ವಿಚಾರಿಸಿ, ಡಬ್ಬಿ ನನ್ನ ಕೈಗಿಟ್ಟಳು.

"ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ತೊಟ್ಟಿ ನಮಗ ಬ್ಯಾಡ್ರಿ. ಮ್ಯಾಲೆ ನೀರು ಹೊರಾವ್ರು ಯಾರು? ನಮ್ಮವರಂತೂ ಕುಂತಲ್ಲಿಂದ ಏಳಂಗಿಲ್ಲ. ನಾ ಫೋನಿಗೆ ಬಂದಾಗ ಕುಂತು ನೋಡ್ತೀನಿ, ಅಷ್ಟ ಸಾಕು. ನಮ್ಮವ್ವನ ಕೂಡ ಮಾತಾಡುವಾಗ ಈ ಗಿಡ ನೋಡಿದ್ರ ನಮ್ಮೂರ ಕೆರಿ ದಂಡ್ಯಾಗ ಕುಂತಂಗ ಆಗ್ತದ."

ಮಗು ಗಾಜಿಗೆ ಮೂಗು ಒತ್ತಿ ಒಂದು ಗುರುತು ಬಿಟ್ಟು ಹೋಯಿತು. ಅವಳು ಮೆಟ್ಟಿಲು ಹತ್ತಿ ಮರೆಯಾಗುವವರೆಗೂ ನಾನು ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದೆ. ಹೋಳಿಗೆ ಬಿಸಿಯಾಗಿತ್ತು, ಘಮಘಮ ಎನ್ನುತ್ತಿತ್ತು.

"ಪುಕ್ಕಟೆ ಸಿಗೋ ತೊಟ್ಟಿ ಬೇಡ ಅಂತ ಯಾರಾದ್ರೂ ಅಂತಾರೇನ್ರೀ?" ಎಂದೆ. "ಮೇಲೆ ಹೋಳಿಗೆ ಬೇರೆ. ಇದರಲ್ಲಿ ಏನೋ ಇದೆ."

ಯಜಮಾನರು ಕಪ್ಪು ಕನ್ನಡಕವನ್ನು ಸರಿ ಮಾಡಿಕೊಂಡು, ಡಬ್ಬಿಗೆ ಕೈ ಹಾಕಿ ಒಂದು ಹೋಳಿಗೆ ಎತ್ತಿಕೊಂಡರು.

"ಪೊರೆ ಬಂದಿದ್ದ ನನ್ನ ಕಣ್ಣಿಗೆ ಎಲ್ಲರೂ ಒಳ್ಳೆಯವರಾಗೇ ಕಾಣ್ತಿದ್ರು ಕಣೆ," ಎಂದರು. "ನೆಟ್ಟಗಿರೋ ನಿನ್ನ ಕಣ್ಣಿಗೆ ಎಲ್ಲರೂ ಕಳ್ಳರು. ಆಪರೇಷನ್ ಮಾಡಿಸ್ಬೇಕಾಗಿದ್ದು ಯಾರಿಗೆ ಅಂತ ಆ ಡಾಕ್ಟರನ್ನ ಇನ್ನೊಂದ್ಸಲ ಕೇಳ್ಕೊಂಡು ಬರೋಣ, ನಡಿ."